ಅವ್ವನ ಪಾರ್ಟು

ಜಗಲಿಯ ಮೇಲೆ ಜಗಳ ಹತ್ತಿಕೊಂಡಿತ್ತು. ಟೂರಿನಿಂದ ಬಂದು ಮೂರು ದಿನವಾದರೂ ಉಮಾಶಂಕರನ ಮಕ್ಕಳು ಇನ್ನೂ ಮೆಟಡೋರಿನಿಂದ ಇಳಿದಿರಲಿಲ್ಲ. ಒಂದು ಬೆಂಚು, ಎರಡು ಮಣೆ, ಮಗುಚಿ ಹಾಕಿದ ಬುಟ್ಟಿ ಸೇರಿಸಿ ಗಾಡಿ ಮಾಡಿಕೊಂಡಿದ್ದರು. ಎಂಟು ವರ್ಷದ ಮಹೇಂದ್ರ ಊಟದ ತಟ್ಟೆಯನ್ನೇ ಸ್ಟೇರಿಂಗು ಮಾಡಿಕೊಂಡು ಡ್ರೈವರ್ ಆಗಿದ್ದ. ಆರು ವರ್ಷದ ಪುಟ್ಟಿ ಹೆಗಲ ಮೇಲೆ ಟವಲ್ ಹಾಕಿಕೊಂಡು ಅಪ್ಪ ಆಗಿದ್ದಳು. ಪಕ್ಕದ ಮನೆಯ ಬೃಂದಾ ಟೂರಿಗೆ ಬಂದವಳಲ್ಲ. ಹಾಗಾಗಿ ಯಾರಿಗೂ ಬೇಡವಾದ ಅವ್ವನ ಪಾರ್ಟು ಅವಳ ತಲೆಗೆ ಬಿದ್ದಿತ್ತು. ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ತೊಡೆಯ ಮೇಲೊಂದು ಬ್ಯಾಗು, ಬ್ಯಾಗಿನ ಮೇಲೊಂದು ತಲೆದಿಂಬು ಇಟ್ಟಿದ್ದರು. ದಿಂಬು ಅಂದರೆ ಕೈಕೂಸು ಧರ್ಮೇಂದ್ರ.

"ನಾನು ಅವ್ವ ಆಗಾಕಿಲ್ಲ!" ಬೃಂದಾ ಬ್ಯಾಗು ದಿಂಬು ಎರಡನ್ನೂ ಬಿಸಾಕಿ ಎದ್ದಳು. "ನೋಡಿ ಮಾವ, ನಂಗೆ ಎಲ್ಲೂ ಇಳಿಯಕ್ಕೇ ಬುಡ್ತಿಲ್ಲ ಇವ್ರು."

ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ಉಮಾಶಂಕರ ಒಳ್ಳೆಯ ಹುಮ್ಮಸ್ಸಿನಲ್ಲಿದ್ದ. ಮೂರು ದಿನದಿಂದ ಅವನ ಬಾಯಲ್ಲಿ ಅದೊಂದೇ ಸುದ್ದಿ. ಹಾರನಹಳ್ಳಿಯ ಟೀ ಅಂಗಡಿಯಲ್ಲೂ ಅದೇ, ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಕುವಾಗ ಸಿಕ್ಕ ಮಂಚಯ್ಯನ ಹತ್ತಿರವೂ ಅದೇ: ಹೆಂಡತಿಗೆ ಸಮುದ್ರ ತೋರಿಸಿಕೊಂಡು ಬಂದೆ! ಮದುವೆಯಾದ ಹೊಸದರಲ್ಲಿ ಪ್ರಮೀಳಾ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಸೀರೆ ಕೇಳಲಿಲ್ಲ, ಓಲೆ ಕೇಳಲಿಲ್ಲ, ಒಂದು ಸಲ ಸಮುದ್ರ ನೋಡಬೇಕು ಅಂದಿದ್ದಳು. ಹತ್ತು ವರ್ಷದ ಮೇಲೆ, ಈ ಬೇಸಿಗೆ ರಜೆಯಲ್ಲಿ, ಮೂರು ಮನೆಯವರು ಸೇರಿ ಗಾಡಿ ಮಾಡಿದ್ದರಿಂದ ಅದು ಕೈಗೂಡಿತ್ತು. ಅವನು ಪಂಚಾಯ್ತಿ ಯಜಮಾನನ ಗತ್ತಿನಲ್ಲಿ ತೀರ್ಪು ಕೊಟ್ಟ. "ಆಟ ಅಂದ್ಮೇಲೆ ಎಲ್ಲಾರೂ ಇಳೀಬೇಕು ಕಣ್ರಪ್ಪ. ಬೃಂದಾನೂ ಇಳೀಲಿ."

"ಅವ್ವ ಇಳಿಯಾಕಿಲ್ಲ," ಅಂದಳು ಪುಟ್ಟಿ.

"ಯಾರೇಳಿದ್ದು?"

"ಯಾರೂ ಏಳ್ಲಿಲ್ಲ. ಇಳೀಲಿಲ್ಲ, ಅಷ್ಟೇಯ. ಸುಬ್ರಮಣ್ಯದಲ್ಲಿ ಚಪ್ಲಿ ಕಾಯ್ತಾ ಕೂತಿದ್ಲು. ಸಮುದ್ರದತ್ರ ಬ್ಯಾಗ್ ಕಾಯ್ತಾ ಕೂತಿದ್ಲು."

ಉಮಾಶಂಕರನ ನಗು ಅರ್ಧಕ್ಕೇ ನಿಂತಿತು. ಮಲ್ಪೆಗೆ ಹೋದಾಗ ಕೂಸು ಆಗ ತಾನೇ ನಿದ್ದೆ ಹೋಗಿತ್ತು. ಡ್ರೈವರ್ ಟೀ ಕುಡಿಯಲು ಹೋಗಿದ್ದ. ಗಾಡಿಯ ಬಾಗಿಲಿಗೆ ಬೀಗವಿರಲಿಲ್ಲ, ಒಳಗೆ ಮೂರು ಮನೆಯ ಗಂಟುಮೂಟೆ. "ಐದು ನಿಮಿಷ ಕೂತಿರು, ನಾವು ಬಂದ್ಮೇಲೆ ನೀನು ಓಗುವಂತೆ" ಅಂದವನು ಇವನೇ. ನೀರಿಗೆ ಇಳಿದ ಮೇಲೆ ಇವನೂ ಮಕ್ಕಳ ಜೊತೆ ಮಗುವಾಗಿ, ಐದು ನಿಮಿಷ ಒಂದೂವರೆ ಗಂಟೆಯಾಗಿತ್ತು. ತಿರುಗಿ ಬರುವಷ್ಟರಲ್ಲಿ ಡ್ರೈವರ್ ಹಾರನ್ ಮೇಲೆ ಹಾರನ್ ಹೊಡೆಯುತ್ತಿದ್ದ. ಗಾಡಿ ನಿಂತಿದ್ದದ್ದು ಮೀನಿನ ಲಾರಿಗಳ ಹಿಂದೆ. ಅಲ್ಲಿಗೆ ಅಲೆಯ ಸದ್ದು ಕೇಳುತ್ತಿತ್ತೇ ಹೊರತು ನೀರು ಕಾಣುತ್ತಿರಲಿಲ್ಲ. ಪ್ರಮೀಳಾ ಮಕ್ಕಳಿಗೆ ಒಣ ಬಟ್ಟೆ ಹುಡುಕಿ ಹಾಕಿದಳು. ಅವಳು ಏನೂ ಅನ್ನಲಿಲ್ಲವಲ್ಲ, ಇವನು ಆರಾಮಾಗಿ ಮರೆತೇಬಿಟ್ಟ.

ಅಷ್ಟರಲ್ಲಿ ಬೃಂದಾಳ ಅಜ್ಜಿ ಬಸವಮ್ಮ ಪ್ರಸಾದ ಇಸಿದುಕೊಳ್ಳಲು ಬಂದಳು. ಪ್ರಮೀಳಾ ಅಂಗಳದ ಕಲ್ಲಿನ ಹತ್ತಿರ, ಎಷ್ಟು ಜಾಲಿಸಿದರೂ ಮರಳು ಬಿಡದ ಮಕ್ಕಳ ಬಟ್ಟೆಗಳನ್ನು ಮತ್ತೆ ಒಗೆಯುತ್ತಿದ್ದಳು.

"ಸಮುದ್ರ ನೋಡ್ಕಬಂದ್ಯಂತಲ್ಲವ್ವ ಪ್ರಮೀಳಾ. ಎಂಗದೆ?"

"ಅದೇನ್ ಕೇಳ್ತೀರಿ ಅತ್ತೆ," ಅಂದಳು ಪ್ರಮೀಳಾ. "ಕಣ್ಣು ಆಯೋಗಂಟ ನೀರೇಯ. ಅಲೆ ಬಂದು ಕಾಲು ತೊಳ್ದು ಓಯ್ತದೆ. ವಾಪಸ್ ಓಗುವಾಗ ಕಾಲಡಿ ಮರಳೆಲ್ಲ ಜಾರಿ, ನಾವೇ ಇಂದಿಂದಕ್ಕೆ ಓದಂಗಾಯ್ತದೆ."

ಅದು ಪುಟ್ಟಿಯ ಮಾತು. ಬರುವ ದಾರಿಯಲ್ಲಿ ಅವ್ವನ ಭುಜಕ್ಕೆ ಒರಗಿಕೊಂಡು ಮಗಳು ಹೇಳಿದ್ದನ್ನೇ ಅವಳು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದಳು.

"ಪುಣ್ಯ ಮಾಡಿದ್ದೀಯ ಕಣವ್ವ. ನಮ್ಮನ್ನ ಯಾರು ಕರ್ಕೋಗಿದ್ರು?"

"ಊಂ ಕಣತ್ತೆ," ಅಂದ ಪ್ರಮೀಳಾ ಕೂಸಿನ ಅಂಗಿ ಹಿಂಡಿ ತಂತಿಗೆ ಹಾಕಿದಳು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

ಉಮಾಶಂಕರನಿಗೆ ನಾಚಿಕೆಯಾಯಿತು. ಬೈದಿದ್ದರೆ ಅವನೂ ಎರಡು ಮಾತು ಆಡಿ ಹಗುರಾಗುತ್ತಿದ್ದ. ಹೀಗೆ ನಾಲ್ಕು ಜನರ ಮುಂದೆ ಮಾನ ಉಳಿಸಿದವಳಿಗೆ ಏನು ಹೇಳುವುದು? ಕುರ್ಚಿ ಬಿಟ್ಟು ಎದ್ದು ಬಂದು, ಹಿಂದಿನ ಸೀಟಿನ ಬುಟ್ಟಿಯ ಮೇಲೆ ಕೂತು, ಬ್ಯಾಗನ್ನೂ ದಿಂಬನ್ನೂ ತೊಡೆಗೆ ಎಳೆದುಕೊಂಡ.

"ಸಮುದ್ರ ಬಂತು, ಇಳೀರಿ ಇಳೀರಿ," ಅಂದ. "ಬೃಂದಾ, ನೀನೂ ಓಗವ್ವ. ಬ್ಯಾಗ್ ನಾನು ಕಾಯ್ತೀನಿ."

ಬೃಂದಾ ಹೋ ಎಂದು ಕೂಗಿಕೊಂಡು ಹುಲ್ಲಿನ ಮೆದೆಯ ಕಡೆ ಓಡಿದಳು. ಮಹೇಂದ್ರನೂ ತಟ್ಟೆ ಬಿಟ್ಟು ಅವಳ ಹಿಂದೆ ಓಡಿದ. ಪುಟ್ಟಿ ಮಾತ್ರ ಕೂತಲ್ಲಿಂದ ಕದಲಲಿಲ್ಲ. ಜಾರುತ್ತಿದ್ದ ಟವಲನ್ನು ಹೆಗಲ ಮೇಲೆ ಸರಿಮಾಡಿಕೊಂಡು ಅಪ್ಪನನ್ನೇ ನೋಡಿದಳು.

"ಅಂಗೆಲ್ಲ ಆಡಂಗಿಲ್ಲ ಕಣಪ್ಪ," ಅಂದಳು. "ಅವ್ವ ಇಳಿದ್ರೆ ಅದು ನಮ್ ಟೂರೇ ಅಲ್ಲ."