ಹುಬ್ಬಿನ ಮೇಲೆದ್ದ ಕೆಂಪು

ಕೊಳಕ್ಕಿಳಿದ ಹುಡುಗಿಯೊಬ್ಬಳು ತಾವರೆಯಾದಳೆಂಬ ಅಜ್ಜಿಯ ಕಥೆಗೆ ಮಾಲಿನಿ ಚಿತ್ರ ಬರೆಯುತ್ತಿದ್ದಳು. ಒಣಗಿದ ಮೇಲೂ ನೀರು ತಾಗಿದರೆ ಕರಗುವ ಗ್ವಾಶ್ ಬಣ್ಣ ಅವಳಿಗಿನ್ನೂ ಹೊಸತು. ಒಣಗಿದ ಕೆಂಪು ಹಿನ್ನೆಲೆಯ ಮೇಲೆ ಹುಡುಗಿಯ ಮುಖ ತುಂಬುವಾಗ ಕುಂಚದಲ್ಲಿ ನೀರು ಹೆಚ್ಚಾಗಿ, ಅಡಿಯ ಕೆಂಪು ಕರಗಿ, ಎಡಹುಬ್ಬಿನ ಮೇಲೆ ಮಚ್ಚೆಯ ಹಾಗೆ ಎದ್ದು ನಿಂತಿತು.

"ಅಯ್ಯೋ, ಕೆಟ್ಟೋಯ್ತು! ನಾಳೆ ಮೇಷ್ಟ್ರಿಗೆ ತೋರಿಸ್ಬೇಕಿತ್ತು. ಇರಲಿ, ಒಣಗಿದ ಮೇಲೆ ದಪ್ಪಗೆ ಬಳಿದು ಮುಚ್ಚಿಬಿಡ್ತೀನಿ."

ಪಕ್ಕದಲ್ಲಿ ಕೂತಿದ್ದ ಅಜ್ಜಿ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. ನೋಡಿದವಳೇ ಮೊಮ್ಮಗಳ ಮಣಿಕಟ್ಟು ಹಿಡಿದುಕೊಂಡಳು.

"ಮುಚ್ಚಬೇಡ ಪುಟ್ಟಿ."

"ಯಾಕಜ್ಜಿ? ಅವಳಿಗೆ ಮಚ್ಚೆ ಇತ್ತು ಅಂತ ನೀನು ಯಾವತ್ತೂ ಹೇಳೇ ಇಲ್ವಲ್ಲ!"

ಅಜ್ಜಿ ಚಿತ್ರದಿಂದ ಕಣ್ಣು ಕೀಳಲಿಲ್ಲ.

"ಹೇಳಿಲ್ಲ. ಅವಳು ನನ್ನ ತಂಗಿ ಅಂತಾನೂ ಹೇಳಿಲ್ಲ."