ಪಕ್ಕದ ಸೀಟು

ಕೀಲಿಕೈ ಎಷ್ಟು ತಿರುಗಿಸಿದರೂ ಕಾರಿನ ಎಂಜಿನ್ ಮಿಸುಕಲಿಲ್ಲ. ಬದಲಿಗೆ ಬಜರ್ ಒಂದೇ ಸಮನೆ ಕಿರುಚತೊಡಗಿತು. ಗಂಡ ನೆಲಮಾಳಿಗೆಗೆ ಇಳಿದ ಹೊತ್ತು ನೋಡಿ ಸದ್ದಿಲ್ಲದೆ ಮನೆ ಬಿಟ್ಟು ಹೊರಟಿದ್ದ ಜೋನೀಗೆ ಅಳುವೇ ಬಂತು. ಈಗ ಬೀದಿಗೆಲ್ಲ ಡಂಗುರ ಹೊಡೆದ ಹಾಗಾಯಿತಲ್ಲ!

"ಬೆಲ್ಟ್ ಹಾಕ್ಕೊಂಡಿದೀನಲ್ಲ! ಇನ್ನೇನು ಬೇಕು ನಿಂಗೆ, ದರಿದ್ರದ್ದೇ?" ಎಂದು ಸ್ಟಿಯರಿಂಗಿಗೆ ಗುದ್ದಿದಳು.

ಅದು ಎಪ್ಪತ್ನಾಲ್ಕರ ಮಾಡೆಲ್. ನಾಲ್ಕು ಬಾಗಿಲು, ಗ್ಯಾರೇಜಿನಲ್ಲಿ ಹಿಡಿಸದಷ್ಟು ಉದ್ದ. ಹೊಗೆ ಕಡಿಮೆ ಮಾಡಲೆಂದು ಎಂಜಿನ್ನಿಗೆ ಸುತ್ತಿದ್ದ ರಬ್ಬರ್ ಕೊಳವೆಗಳ ದೆಸೆಯಿಂದ ಅಮೆರಿಕದ ಮಸ್ಕೀಗನ್ ಊರಿನ ಚಳಿಯಲ್ಲಿ ಅದನ್ನು ಎಬ್ಬಿಸುವುದೇ ಒಂದು ಸಾಹಸ. ಸಾಲದ್ದಕ್ಕೆ, ಬೆಲ್ಟ್ ಬಿಗಿಯದೆ ಎಂಜಿನ್ ಹೊತ್ತಲೇಬಾರದು ಎಂಬ ಕಾನೂನಿನ ಏರ್ಪಾಡು ಬೇರೆ. ಜನ ಬೈದು ಬೈದು ಸರ್ಕಾರವೇ ಆ ಕಾನೂನನ್ನು ವಾಪಸು ತೆಗೆದುಕೊಂಡಿತ್ತು. ನೆರೆಯವರೆಲ್ಲ ತಮ್ಮ ಕಾರುಗಳಲ್ಲಿ ಆ ಬಜರಿನ ವೈರನ್ನು ಎಂದೋ ಕತ್ತರಿಸಿ ಎಸೆದಿದ್ದರು. ಅವಳ ಗಂಡ ಆರ್ಲನ್ ಮಾತ್ರ ಮುಟ್ಟಿರಲಿಲ್ಲ. "ಸುಮ್ನೆ ಹಾಕಿರ್ತಾರಾ?" ಎನ್ನುವ ಜಾತಿ ಅವನದು.

ಬಜರಿನ ಸದ್ದಿಗೆ ಅವನು ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಹಿಮ ತುಳಿಯುತ್ತ ಓಡಿ ಬಂದ. ಹೆಂಡತಿಯ ಒಳ್ಳೆಯ ಕೋಟು ನೋಡಿದ. ಪಕ್ಕದ ಸೀಟಿನ ಮೇಲಿದ್ದ ದೊಡ್ಡ ಸೂಟ್‌ಕೇಸ್ ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ಎಲ್ಲಿಗೆ?"

"ಅಕ್ಕನ ಮನೆಗೆ."

"ಯಾವಾಗ ಬರ್ತೀಯ?"

ಜೋನೀ ಕಿಟಕಿಯ ಗಾಜು ಪೂರ್ತಿ ಇಳಿಸಿದಳು. "ನೋಡು, ಇದು ಕಿರುಚಿದ್ರೆ ಚಪ್ಪಲೀಲೇ ಓಡಿ ಬರ್ತೀಯ. ಫೌಂಡ್ರಿ ಮುಚ್ಚಿ ನಿನ್ನ ಕೆಲ್ಸ ಹೋದಾಗಿಂದ ನಾನು ಕೂಗ್ತಾನೇ ಇದೀನಿ, ಪೇಪರ್ ಹಿಂದಿಂದ ಒಂದು 'ಹ್ಞೂಂ' ಬಂದ್ರೆ ನನ್ನ ಪುಣ್ಯ. ಗೋಡೆ ಜೊತೆ ಸಂಸಾರ ಮಾಡಿ ಸಾಕಾಯ್ತು ನಂಗೆ. ಹೋಗ್ಲಿ, ಇದಕ್ಕೇನು ರೋಗ, ಅಷ್ಟು ಹೇಳು. ಹೊರಡ್ಬೇಕು ನಾನು."

ಆರ್ಲನ್ ಬಾನೆಟ್ ಎತ್ತಿದ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ರೋಗ ಯಾವುದೆಂದು ಅವನಿಗೆ ಆಗಲೇ ತಿಳಿದಿತ್ತು. ಮುಖ ಮರೆಸಿಕೊಳ್ಳಲು ಒಂದು ಜಾಗ ಬೇಕಿತ್ತು, ಅಷ್ಟೆ. ಎಂಜಿನ್ ಕೈಕೊಟ್ಟಿದೆ, ಒಳಗೆ ನಡಿ ಎಂದರೆ ಮುಗಿಯಿತು, ಅವಳು ಇವತ್ತು ಹೋಗುವುದಿಲ್ಲ. ನಾಳೆಗೆ ಕೋಪ ಇಳಿದರೂ ಇಳಿದೀತು. ಸುಳ್ಳು ನಾಲಗೆಯ ತುದಿಯವರೆಗೂ ಬಂತು. ಅವನು ಅದನ್ನು ನುಂಗಿಕೊಂಡ. ಆಮೇಲೆ ಬಾನೆಟ್ ಮುಚ್ಚಿ ಕಿಟಕಿಯ ಹತ್ತಿರ ಬಂದ.

"ಎಂಜಿನ್ ಚೆನ್ನಾಗಿದೆ ಕಣೇ. ನಿನ್ನ ಸೂಟ್‌ಕೇಸಿಂದೇ ತಕರಾರು."

"ಸೂಟ್‌ಕೇಸಿಂದಾ?"

"ಆ ಸೀಟಿನೊಳಗೂ ಒಂದು ಸ್ವಿಚ್ ಇದೆ. ಭಾರ ಬಿದ್ರೆ ಯಾರೋ ಕೂತಿದಾರೆ ಅಂದ್ಕೊಳ್ಳುತ್ತೆ. ಅವರೂ ಬೆಲ್ಟ್ ಹಾಕೋವರೆಗೂ ಬಿಡಲ್ಲ." ಸೂಟ್‌ಕೇಸಿನ ಕಡೆ ನೋಡಿ ಕೇಳಿದ, "ಅಷ್ಟೊಂದು ಏನು ತುಂಬ್ದೆ ಅದ್ರಲ್ಲಿ?"

"ಎಲ್ಲಾ."

ಅಂದರೆ ವಾಪಸು ಬರುವ ಯೋಚನೆ ಅವಳಿಗಿಲ್ಲ ಎಂದು ಆರ್ಲನ್‌ಗೆ ಅರ್ಥವಾಯಿತು. ಆದರೂ ಸುತ್ತಿ ಬಂದು ಆ ಕಡೆಯ ಬಾಗಿಲು ತೆಗೆದ, ಸೂಟ್‌ಕೇಸನ್ನು ಎತ್ತಿ ಹಿಂದಿನ ಸೀಟಿಗೆ ಹಾಕಿದ. "ಪೆಡಲ್ ಎರಡು ಸಲ ಒತ್ತು, ಸ್ವಲ್ಪ ತಾಳು, ಆಮೇಲೆ ತಿರುಗ್ಸು. ಸೇತುವೆ ಹತ್ರ ರಸ್ತೆ ಜಾರುತ್ತೆ, ಹುಷಾರಾಗಿ ಹೋಗು."

ಎಂಜಿನ್ ಒಂದೇ ಏಟಿಗೆ ಹೊತ್ತಿಕೊಂಡಿತು. ಜೋನೀ ಗೇರಿನ ಮೇಲೆ ಕೈಯಿಟ್ಟಳು. ಇಟ್ಟ ಕೈ ಅಲ್ಲೇ ಉಳಿಯಿತು.

"ಕೆಟ್ಟಿದೆ ಅಂದಿದ್ರೆ ನಂಬ್ತಿದ್ದೆ ನಾನು."

"ಗೊತ್ತು."

"ಮತ್ಯಾಕೆ ನಿಜ ಹೇಳ್ದೆ?"

"ನೀನು ಕೇಳಿದ್ಯಲ್ಲ."

"ಅಬ್ಬಾ! ನಾನು ಕೇಳಿದ್ದಕ್ಕೆ ನಿನ್ನ ಬಾಯಿಂದ ಉತ್ತರ ಬಂತಾ? ಕ್ಯಾಲೆಂಡರಲ್ಲಿ ಗುರುತು ಹಾಕ್ಬೇಕು ಇದನ್ನ!" ಚುಚ್ಚಬೇಕೆಂದೇ ಅಂದಳು. ಆದರೆ ಅನ್ನುತ್ತಿದ್ದಂತೆ ನಗು ಬಂದುಬಿಟ್ಟಿತು, ನಗುವಿನ ಬೆನ್ನಿಗೇ ಕಣ್ಣೀರು. ಎಷ್ಟೋ ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಒಂದಿಷ್ಟು ಇಳಿಯಿತು. ಅಕ್ಕನ ಮನೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದುಕೊಂಡಳು.

"ಒಳಗೆ ಬರ್ತೀಯಾ?" ಆರ್ಲನ್ ಅಳುಕುತ್ತ ಕೇಳಿದ.

"ಇಲ್ಲಪ್ಪ. ಒಳಗೆ ನಿನ್ನ ಪೇಪರ್ ಇದೆ. ನೀನೇ ಬಾ, ಇಲ್ಲಿ ಕೂತ್ಕೋ. ಕಾಲೆಲ್ಲ ನೆಂದುಹೋಗಿದೆ, ಪೆದ್ದ."

ಅವನು ಚಪ್ಪಲಿಯ ಹಿಮ ಕೊಡವಿ ಪಕ್ಕದ ಸೀಟಿನಲ್ಲಿ ಕೂತ. ಅಷ್ಟರಲ್ಲಿ ಎಂಜಿನ್, ಚಳಿಗಾಲದ ತನ್ನ ಎಂದಿನ ಚಾಳಿಯಂತೆ, ಕೆಮ್ಮಿ ಆರಿಹೋಯಿತು. ಹೀಟರ್ ಬೆಚ್ಚಗಾಗಲಿ ಎಂದು ಜೋನೀ ಮತ್ತೆ ಕೀಲಿಕೈ ತಿರುಗಿಸಿದ್ದೇ ತಡ, ಬಜರ್ ಕಿರುಚಿಕೊಂಡಿತು. ಸೀಟಿನ ಮೇಲೆ ಈಗ ಮನುಷ್ಯನೇ ಇದ್ದ, ಬೆಲ್ಟ್ ಇರಲಿಲ್ಲ.

ಇಷ್ಟು ವರ್ಷವೂ ಆ ಸದ್ದು ಕೇಳಿದೊಡನೆ ಅವನ ಕೈ ತಾನೇ ತಾನಾಗಿ ಬೆಲ್ಟಿಗೆ ಹೋಗುತ್ತಿತ್ತು. ಇವತ್ತು ಹೋಗಲಿಲ್ಲ. ಅವನು ಪೂರ್ತಿ ಅವಳ ಕಡೆಗೆ ತಿರುಗಿ ಕೂತು, ಆ ಗಲಾಟೆಯನ್ನೂ ಮೀರಿಸಿ ಕೇಳುವ ಹಾಗೆ ಜೋರಾಗಿ ಹೇಳಿದ:

"ಅದು ಕಿರುಚ್ಕೊಳ್ಲಿ ಬಿಡು. ನೀನು ಹೇಳು."