ರಿಮೋಟ್ ಯಾರ ಕೈಯಲ್ಲಿ

ಮತ್ತೆ ಬದಲಾಗಿತ್ತು.

ಅಳಿಯ ರೆಕಾರ್ಡರಿನ ಪುಟ್ಟ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ನಿನ್ನೆ ಸಂಜೆ, ಚಿತ್ರಕ್ಕೂ ಧ್ವನಿಗೂ ತಾಳ ಹೊಂದಿಸುವ ಟೈಮ್‌ಕೋಡನ್ನು ಸೆಕೆಂಡಿಗೆ ಮೂವತ್ತು ಫ್ರೇಮಿಗೆ ಇಟ್ಟು, ಹೊರಗಿನ ಸಂಕೇತಕ್ಕೆ ಯಂತ್ರ ಓಡುವಂತೆ ಮಾಡುವ ರಿಮೋಟ್ ಆಫ್ ಮಾಡಿ ಹೋಗಿದ್ದ. ಈಗ ಇಪ್ಪತ್ತೈದು ಇದೆ. ರಿಮೋಟ್ ಆನ್ ಇದೆ. ಮೂರು ದಿನದಲ್ಲಿ ಇದು ಮೂರನೇ ಸಲ.

ಸ್ಟುಡಿಯೋಗೆ ಇದ್ದದ್ದು ಎರಡೇ ಬೀಗದ ಕೈ. ಒಂದು ಅವನ ಜೇಬಿನಲ್ಲಿ, ಇನ್ನೊಂದು ಮಾವನ ಮನೆಯಲ್ಲಿ. ಅಂದಮೇಲೆ ಕಳ್ಳನನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ.

ಮಾವ ಅಂದರೆ ಧ್ವನಿಮುದ್ರಣದಲ್ಲಿ ಮೂವತ್ತು ವರ್ಷದ ದೊಡ್ಡ ಹೆಸರು. ಯಂತ್ರ ಎಷ್ಟೇ ಹಟ ಹಿಡಿದಿರಲಿ, ಎಲ್ಲರನ್ನೂ ಹೊರಗೆ ಕಳಿಸಿ, ಟೀ ತರಿಸಿಕೊಂಡು ಕಾಲು ಗಂಟೆ ಒಳಗೆ ಕೂತರೆ ಸಾಕು, ಅದು ಹೇಳಿದ ಮಾತು ಕೇಳುತ್ತಿತ್ತಂತೆ. ಹೋದ ತಿಂಗಳು ಎಲ್ಲವನ್ನೂ ಅಳಿಯನಿಗೆ ಒಪ್ಪಿಸಿ, "ಇನ್ನು ಆ ಕಡೆ ತಲೆ ಹಾಕಲ್ಲಪ್ಪ" ಎಂದಿದ್ದರು. ತಲೆ ಹಾಕುವುದಿಲ್ಲ ಎಂದವರು ಈಗ ಕೈ ಹಾಕುತ್ತಿದ್ದರು.

ಇವತ್ತು ಸುಮ್ಮನಿರುವ ಹಾಗಿರಲಿಲ್ಲ. ಹನ್ನೊಂದಕ್ಕೆ ನಲವತ್ತು ಜನರ ಗಾಯನವೃಂದ ಬರುತ್ತಿತ್ತು. ಮುಖ್ಯ ಗಾಯಕಿಗೆ ನಾಳೆ ಗಂಟಲಿನ ಆಪರೇಷನ್. ಇನ್ನೊಮ್ಮೆ ಹಾಡಿ ಎನ್ನುವಂತಿಲ್ಲ. ಹಾಡನ್ನು ಚಿತ್ರೀಕರಿಸುವ ನಾಲ್ಕು ಕ್ಯಾಮೆರಾಗಳಿಗೂ ರೆಕಾರ್ಡರಿಗೂ ತಾಳ ತಪ್ಪಿದರೆ ತುಟಿ ಒಂದು ಕಡೆ, ಸ್ವರ ಒಂದು ಕಡೆ.

ಹಟದಿಂದ ಮತ್ತೆ ಮೂವತ್ತು ಮಾಡಿದ. ರಿಮೋಟ್ ಆಫ್ ಮಾಡಿದ. ಆಮೇಲೆ ಫೋನ್ ಮಾಡಿದ.

ಹತ್ತು ನಿಮಿಷದಲ್ಲಿ ಮಾವ ಬಂದರು; ಹಿಂದೆಯೇ ಫ್ಲಾಸ್ಕ್ ಹಿಡಿದ ಅತ್ತೆ.

"ಮಾವ, ನಿಜ ಹೇಳಿ. ಇದನ್ನ ಮುಟ್ಟಿದ್ದು ಯಾರು?"

ಮಾವ ಅತ್ತೆಯ ಮುಖ ನೋಡಿದರು. ಅತ್ತೆ ಫ್ಲಾಸ್ಕಿನ ಮುಚ್ಚಳ ನೋಡಿದರು.

"ನಾನೇ," ಎಂದರು ಮಾವ.

"ಒಂದು ಮಾತು ಹೇಳಿ ಮಾಡಬಾರದಿತ್ತಾ?"

"ನಿನಗೆ ಬೇಜಾರಾಗತ್ತೆ ಅಂತ ಸುಮ್ಮನಿದ್ವಿ ಕಣಪ್ಪ," ಎಂದರು ಅತ್ತೆ.

ಅಷ್ಟರಲ್ಲಿ ಕ್ಯಾಮೆರಾದವನು ಬಾಗಿಲಲ್ಲಿ ತಲೆ ತೂರಿಸಿದ. "ಸರ್, ನಮ್ಮದು ಇಪ್ಪತ್ತೈದು ಫ್ರೇಮು. ನಾವು ಶುರು ಮಾಡಿದ್ರೆ ನಿಮ್ಮ ಮೆಷಿನ್ನೂ ತಾನಾಗೇ ಓಡಬೇಕು. ರಿಮೋಟ್ ಆನ್ ಇದೆ ತಾನೇ? ಮೊನ್ನೆ ಕೊಟ್ಟ ಕಾಗದದಲ್ಲೇ ಬರೆದಿದ್ವಲ್ಲ."

ಕಾಗದ ಮೇಜಿನ ಮೇಲೇ ಇತ್ತು. ಅಳಿಯ ಅದನ್ನು ಬಿಡಿಸಿಯೂ ನೋಡಿರಲಿಲ್ಲ. ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ತಪ್ಪಾಯ್ತು ಮಾವ. ನೀವೇ ಸರಿಮಾಡಿ. ಪಕ್ಕದಲ್ಲಿ ನಿಂತು ಕಲೀತೀನಿ."

"ಜನ ಇದ್ರೆ ನನಗೆ ಕೈ ಓಡಲ್ಲ. ನಡೀರಿ, ಎಲ್ಲ ಹೊರಗೆ ನಡೀರಿ."

ಅತ್ತೆ ಲೋಟಕ್ಕೆ ಟೀ ಬಗ್ಗಿಸುತ್ತಿದ್ದಂತೆ ಬಾಗಿಲು ಮುಚ್ಚಿತು.

ಅಳಿಯನಿಗೆ ತಡೆಯಲಾಗಲಿಲ್ಲ. ಮೂವತ್ತು ವರ್ಷದ ವಿದ್ಯೆ ಒಂದು ಗೋಡೆಯಾಚೆ ನಡೆಯುತ್ತಿದೆ. ಪಕ್ಕದ ಕೋಣೆಗೆ ನುಸುಳಿ ಹೆಡ್‌ಫೋನ್ ಕಿವಿಗೇರಿಸಿದ. ಒಳಗಿನ ಮೈಕೊಂದು ತೆರೆದೇ ಇತ್ತು. ಮಹಾನುಭಾವರು ಗೊಣಗುವಾಗ ಗುಟ್ಟಿನ ಒಂದು ತುಣುಕಾದರೂ ಸಿಗಲಿ ಎಂದು ಉಸಿರು ಬಿಗಿಹಿಡಿದ.

ಸೊರ್ರೆಂದು ಟೀ ಹೀರುವ ಸದ್ದು. ಟಿಕ್ ಟಿಕ್ಕೆಂದು ಗುಂಡಿ ಒತ್ತುವ ಸದ್ದು. ಎರಡೂ ಒಟ್ಟೊಟ್ಟಿಗೇ. ಆಮೇಲೆ ಅತ್ತೆಯ ದನಿ:

"ಇಪ್ಪತ್ತೈದು ಮಾಡ್ದೆ, ರಿಮೋಟೂ ಆನ್ ಮಾಡ್ದೆ. ಅಳಿಯನಿಗಾದ್ರೂ ಈಗ ಹೇಳ್ಬಿಡೋಣ್ವಾ, ಇಲ್ಲ ನೀವು ಹೀಗೇ ಇನ್ನೊಂದು ಮೂವತ್ತು ವರ್ಷ ಟೀ ಕುಡೀತಾ ಕೂತಿರ್ತೀರಾ?"